ಬಿ.ಕಾಂ, ಬಿಬಿಎ ನಂತರ ಏನು? ಕೆಲಸವನ್ನು ಹತ್ತಿರದಿಂದ ನೋಡಿ ಆರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಡಿಗ್ರಿ ಎರಡನೇ ವರ್ಷ ಮುಗಿಯುವಷ್ಟರಲ್ಲಿ ಮದುವೆ ಮನೆಗೆ ಹೋದರೂ, ಗೃಹಪ್ರವೇಶಕ್ಕೆ ಹೋದರೂ ಒಂದೇ ಪ್ರಶ್ನೆ. "ಮುಂದೇನಪ್ಪಾ?" ಸಿಎ, ಬ್ಯಾಂಕು, ಎಂಬಿಎ ಅಂತ ಯಾವುದೋ ಒಂದು ಹೆಸರು ಹೇಳಿ ಆ ಕ್ಷಣಕ್ಕೆ ಪಾರಾಗುತ್ತೇವೆ. ಆಮೇಲೆ ಆ ಹೆಸರನ್ನೇ ನಂಬಿಕೊಂಡು ಕೋಚಿಂಗ್‌ಗೆ ದುಡ್ಡು ಕಟ್ಟುತ್ತೇವೆ.

ನಾನೂ ಕಟ್ಟಿದ್ದೆ. ಅಪ್ಪ ಅಡಿಕೆ ಮಾರಿ ತಂದ ದುಡ್ಡಿನಲ್ಲಿ 18 ಸಾವಿರ ಫೀಸು ಕಟ್ಟಿ ಒಂದು ಬ್ಯಾಂಕ್ ಕೋಚಿಂಗ್ ಸೇರಿದೆ. ಬ್ಯಾಂಕಿನೊಳಗೆ ಕೆಲಸ ಹೇಗಿರುತ್ತದೆ ಅಂತ ಅಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಎಂಟು ತಿಂಗಳು ಪಜಲ್ ಬಿಡಿಸಿ ಎರಡು ಪರೀಕ್ಷೆ ಬರೆದು ಫೇಲಾಗಿ ಮನೆಯಲ್ಲಿ ಕೂತಿದ್ದಾಗ, ಸುಮ್ನೆ ಕೂರುವ ಬದಲು ಅಂತ ಊರಿನ ಒಬ್ಬ ಆಡಿಟರ್ ಆಫೀಸಿಗೆ ಹೋಗತೊಡಗಿದೆ. ಹದಿನೈದೇ ದಿನಕ್ಕೆ ನನಗೆ ಒಗ್ಗುವ ಕೆಲಸ ಇದು ಅಂತ ಗೊತ್ತಾಯಿತು. ಆ ಹದಿನೈದು ದಿನ ಮೊದಲೇ ಸಿಕ್ಕಿದ್ದರೆ ಒಂದು ವರ್ಷ ಮತ್ತು ಅಪ್ಪನ ದುಡ್ಡು ಎರಡೂ ಉಳಿಯುತ್ತಿತ್ತು.

ಹಾಗಾಗಿ ತಾಲ್ಲೂಕು, ಜಿಲ್ಲಾ ಕೇಂದ್ರದ ಕಾಲೇಜುಗಳಲ್ಲಿ ಓದುತ್ತಿರುವ ನಿಮಗೆ ನಾನು ಹೇಳುವುದು ಒಂದೇ. ಯಾವ ದಾರಿಗಾದರೂ ದುಡ್ಡು ಹಾಕುವ ಮೊದಲು, ಆ ಕೆಲಸ ಮಾಡುವವರ ಒಂದು ತಿಂಗಳು ಹೇಗಿರುತ್ತದೆ ಅಂತ ಕಣ್ಣಾರೆ ನೋಡಿ. ಅದನ್ನು ಮಾಡುವುದು ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಹೆಜ್ಜೆ 1: ಕೈಯಲ್ಲಿ ಎಷ್ಟು ಸಮಯ ಇದೆ ಅಂತ ಲೆಕ್ಕ ಹಾಕಿ

ನಮ್ಮ ರಾಜ್ಯದಲ್ಲಿ 2024ರಲ್ಲಿ ನಾಲ್ಕು ವರ್ಷದ ಡಿಗ್ರಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದರು. ಅಂದರೆ ಆರು ಸೆಮಿಸ್ಟರ್. ಇದರಲ್ಲಿ ನಿಮಗೆ ನಿಜವಾಗಿ ಬಿಡುವು ಸಿಗುವುದು ಎರಡನೇ ಮತ್ತು ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲಿನ ರಜೆಗಳಲ್ಲಿ. ನಾಲ್ಕನೆಯದರ ರಜೆಯನ್ನು ಮಾತ್ರ ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ, ಯಾಕೆಂದರೆ ಐದನೇ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ಸಂದರ್ಶನ, ಪರೀಕ್ಷೆ ಅರ್ಜಿ ಎಲ್ಲ ಒಟ್ಟಿಗೆ ಶುರುವಾಗುತ್ತವೆ.

ಇನ್ನೊಂದು ಲೆಕ್ಕವನ್ನು ಮನೆಯವರ ಜೊತೆ ಕೂತು ಮಾಡಿ. ಡಿಗ್ರಿ ಮುಗಿದ ಮೇಲೆ ಸಂಬಳ ಇಲ್ಲದೆ ಎಷ್ಟು ತಿಂಗಳು ಓದಬಹುದು? ಆರು ತಿಂಗಳಾ, ಮೂರು ವರ್ಷವಾ? ಈ ಮಾತು ಎತ್ತುವುದಕ್ಕೆ ಸಂಕೋಚವಾಗುತ್ತದೆ, ನಿಜ. ಆದರೆ ಸಿಎ ಓದುವುದಾ, ಕೆಲಸಕ್ಕೆ ಸೇರಿ ಓದುವುದಾ ಅನ್ನುವುದು ನಿಮ್ಮ ಬುದ್ಧಿವಂತಿಕೆಗಿಂತ ಜಾಸ್ತಿ ಈ ಉತ್ತರದ ಮೇಲೆ ನಿಂತಿರುತ್ತದೆ.

ಹೆಜ್ಜೆ 2: 5ರಿಂದ 20ನೇ ತಾರೀಖಿನವರೆಗೆ ಆಡಿಟರ್ ಆಫೀಸಿನಲ್ಲಿ ಕೂರಿ

ನೀವು ಮುಂದೆ ಬ್ಯಾಂಕಿಗೆ ಹೋಗಿ, ಕಂಪನಿಗೆ ಹೋಗಿ, ಅಂಗಡಿಯನ್ನೇ ಇಡಿ, ಈ ಹೆಜ್ಜೆಯನ್ನು ಬಿಡಬೇಡಿ. ಪ್ರತಿ ತಾಲ್ಲೂಕಿನಲ್ಲೂ ನಾಲ್ಕೈದು ಜನ ಆಡಿಟರ್‌ಗಳು ಅಥವಾ ತೆರಿಗೆ ಸಲಹೆಗಾರರು ಇರುತ್ತಾರೆ. ಎಲ್ಲರೂ ಸಿಎ ಆಗಿರಬೇಕೆಂದಿಲ್ಲ, ಜನ ಎಲ್ಲರನ್ನೂ ಆಡಿಟರ್ ಅಂತಲೇ ಕರೆಯುತ್ತಾರೆ. ನೇರವಾಗಿ ಹೋಗಿ, "ಸಂಬಳ ಬೇಡ ಸರ್, ಹದಿನೈದು ದಿನ ಬಿಲ್ ಎಂಟ್ರಿ ಮಾಡಿಕೊಡ್ತೀನಿ, ಕೆಲಸ ಕಲೀಬೇಕು" ಅನ್ನಿ. ಇಬ್ಬರು ಬೇಡ ಅಂದರೆ ಮೂರನೆಯವರು ಒಪ್ಪುತ್ತಾರೆ, ಯಾಕೆಂದರೆ ತಿಂಗಳ ಮಧ್ಯದಲ್ಲಿ ಅವರಿಗೆ ಕೈ ಸಾಲುವುದಿಲ್ಲ.

ಯಾಕೆ ಆ ತಾರೀಖುಗಳೇ ಅಂದರೆ, ಆಫೀಸಿನ ತಿಂಗಳು ನಡೆಯುವುದೇ ಅವುಗಳ ಮೇಲೆ. 7ನೇ ತಾರೀಖು ಹಿಂದಿನ ತಿಂಗಳು ಹಿಡಿದ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಂಡ ತೆರಿಗೆ, ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಬಿಲ್‌ಗಳ ವಿವರ. 14ಕ್ಕೆ 2ಬಿ, ಅಂದರೆ ನಮಗೆ ಸರಕು ಕೊಟ್ಟವರು ತೋರಿಸಿದ ಬಿಲ್‌ಗಳ ಪಟ್ಟಿ, ತಯಾರಾಗುತ್ತದೆ. 15ಕ್ಕೆ ನೌಕರರ ಪಿಎಫ್, ಇಎಸ್‌ಐ ಕಂತು. 20ಕ್ಕೆ 3ಬಿ, ಅಂದರೆ ತಿಂಗಳ ಒಟ್ಟು ಲೆಕ್ಕದ ರಿಟರ್ನ್, ಹಾಕಿ ತೆರಿಗೆ ಕಟ್ಟುವುದು. 5 ಕೋಟಿವರೆಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಆಯ್ಕೆ ತೆಗೆದುಕೊಂಡಿರಬಹುದು, ಆದರೂ ಆಫೀಸಿನ ಗಡಿಬಿಡಿ ಕಡಿಮೆಯಾಗುವುದಿಲ್ಲ.

14ನೇ ತಾರೀಖು ಏನಾಗುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಹಾರ್ಡ್‌ವೇರ್ ಅಂಗಡಿಯವರು 1,18,000 ರೂಪಾಯಿಯ ಸರಕು ತಂದಿದ್ದಾರೆ. ಅದರಲ್ಲಿ 18,000 ಜಿಎಸ್‌ಟಿ. ಸರಕು ಕೊಟ್ಟವನು 11ರೊಳಗೆ ತನ್ನ ಜಿಎಸ್‌ಟಿಆರ್-1ರಲ್ಲಿ ಈ ಬಿಲ್ ತೋರಿಸಿದರೆ ಮಾತ್ರ ಅದು ನಮ್ಮ ಅಂಗಡಿಯವರ 2ಬಿಯಲ್ಲಿ ಬರುತ್ತದೆ. ಬರದಿದ್ದರೆ ಆ ತಿಂಗಳು 18,000ದ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದು) ತೆಗೆದುಕೊಳ್ಳುವ ಹಾಗಿಲ್ಲ, ಅಷ್ಟು ದುಡ್ಡು 20ರೊಳಗೆ ಕೈಯಿಂದ ಹೋಗುತ್ತದೆ. ಹಾಗಾಗಿ ಆಫೀಸಿನ ಹುಡುಗ ಒಂದು ಕಡೆ ಖರೀದಿ ಪಟ್ಟಿ, ಇನ್ನೊಂದು ಕಡೆ 2ಬಿ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡುತ್ತಾನೆ. ಬಿಲ್ ನಂಬರ್‌ನಲ್ಲಿ ಒಂದು ಸೊನ್ನೆ ಹೆಚ್ಚು ಕಡಿಮೆ ಆಗಿರುತ್ತದೆ, ಜಿಎಸ್‌ಟಿ ನಂಬರ್ ಬೇರೆಯವರದ್ದು ಹಾಕಿರುತ್ತಾರೆ. ಸಿಗದ ಬಿಲ್‌ಗಳಿಗೆ ಫೋನ್ ಶುರು. "ಸರ್, ಹೋದ ತಿಂಗಳ 23ರ ಬಿಲ್ ನಿಮ್ಮ ರಿಟರ್ನ್‌ನಲ್ಲಿ ಕಾಣ್ತಾ ಇಲ್ಲ." ಆ ಕಡೆಯವರು ತಮ್ಮ ಆಡಿಟರ್‌ನ ಕೇಳಿ ಅನ್ನುತ್ತಾರೆ. ಮತ್ತೆ ಆ ಆಡಿಟರ್‌ಗೆ ಫೋನ್.

ಇದೇ ಕೆಲಸ. ತಾಳೆ ಬಿದ್ದಾಗ ನಿಮಗೆ ಒಳಗೊಳಗೆ ಖುಷಿಯಾಯಿತಾ, ಅಥವಾ ಯಾವಾಗ ಆರು ಗಂಟೆ ಆಗುತ್ತದೋ ಅನ್ನಿಸಿತಾ ಅಂತ ಪ್ರತಿ ರಾತ್ರಿ ಎರಡು ಸಾಲು ಬರೆದಿಡಿ. ಖುಷಿಯಾದರೆ ಅಕೌಂಟ್ಸ್, ತೆರಿಗೆ, ಆಡಿಟ್ ನಿಮ್ಮ ಕಡೆ. ಅಂಕಿಗಳಿಗಿಂತ ಫೋನಿನಲ್ಲಿ ಮಾತಾಡಿ ಕೆಲಸ ಮಾಡಿಸಿಕೊಂಡಿದ್ದು ಹೆಚ್ಚು ಹಿಡಿಸಿದರೆ ನೀವು ಸೇಲ್ಸ್, ಎಚ್‌ಆರ್, ಬ್ಯಾಂಕ್ ಶಾಖೆಯಂಥ ಜನರ ನಡುವಿನ ಕೆಲಸಕ್ಕೆ ಹತ್ತಿರ. ಎರಡೂ ಬೇಸರ ತಂದರೆ ಅದೂ ಒಳ್ಳೆಯ ಉತ್ತರವೇ, ಹದಿನೈದು ದಿನದಲ್ಲಿ ಸಿಕ್ಕಿತಲ್ವಾ.

ಹೆಜ್ಜೆ 3: ಬೇರೆ ಕೆಲಸಗಳ ತಿಂಗಳನ್ನೂ ನೋಡಿ

ಬ್ಯಾಂಕ್: ನಮ್ಮ ಕಡೆ ಬ್ಯಾಂಕ್ ಕೆಲಸಕ್ಕೆ ಇರುವ ಗೌರವಕ್ಕೆ ಕಾರಣ ಇದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಹುಟ್ಟಿದ್ದು ಕರಾವಳಿಯ ಎರಡು ಊರುಗಳಲ್ಲಿ. ಎಷ್ಟೋ ಮನೆಗಳು ಆ ಸಂಬಳದಲ್ಲಿ ಮೇಲೆ ಬಂದಿವೆ. ಆದರೆ ಹಿರಿಯರು ಹೇಳುವ ಬ್ಯಾಂಕಿನ ಕೆಲಸವೇ ಬೇರೆ, ಈಗಿನದ್ದೇ ಬೇರೆ. ಒಂದು ಸೋಮವಾರ ಬೆಳಿಗ್ಗೆ 11ಕ್ಕೆ ನಿಮ್ಮ ಊರಿನ ಶಾಖೆಗೆ ಹೋಗಿ ಮುಕ್ಕಾಲು ಗಂಟೆ ಕೂರಿ. ಕೌಂಟರ್ ಮುಂದೆ ಕೆವೈಸಿ ಕಾಗದ ಹಿಡಿದ ಅಜ್ಜಿ, ಆಧಾರ್ ಲಿಂಕ್ ಆಗದ ರೈತ, ಒಳಗೆ ಸಾಲ ವಸೂಲಿಯ ಫೋನು, ನಡುನಡುವೆ ವಿಮೆ ಮಾಡಿಸಿ ಅಂತ ಗ್ರಾಹಕರನ್ನು ಒಪ್ಪಿಸುವುದು. ಕ್ಲರ್ಕ್ ಆದರೆ ಸಾಮಾನ್ಯವಾಗಿ ರಾಜ್ಯದೊಳಗೇ ಇರುತ್ತೀರಿ. ಪಿಒ (ಅಧಿಕಾರಿ ಹುದ್ದೆ) ಆದರೆ ದೇಶದ ಯಾವ ಮೂಲೆಗಾದರೂ ವರ್ಗ ಆಗಬಹುದು. ಈ ಒಂದು ವಿಷಯ ಮನೆಯಲ್ಲಿ ಮೊದಲೇ ಮಾತಾಡಿ.

ಬೆಂಗಳೂರಿನ ದೊಡ್ಡ ಕಂಪನಿಗಳು: ಹೊರ ವರ್ತುಲ ರಸ್ತೆ, ಮಾನ್ಯತಾ, ವೈಟ್‌ಫೀಲ್ಡ್ ಕಡೆಯ ಕಚೇರಿಗಳಲ್ಲಿ ಬಿ.ಕಾಂ ಮಾಡಿದವರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತಾರೆ. ವಿದೇಶಿ ಕಂಪನಿಗಳ ಲೆಕ್ಕಪತ್ರ ಇಲ್ಲಿ ನಡೆಯುತ್ತದೆ. ಅಲ್ಲಿನ ಭಾಷೆಯಲ್ಲಿ ಮೂರು ಪದ ಮೊದಲು ಕಲಿಯಿರಿ. ಪಿ2ಪಿ ಅಂದರೆ ಖರೀದಿಯಿಂದ ಹಿಡಿದು ಸರಬರಾಜುದಾರರಿಗೆ ದುಡ್ಡು ಕೊಡುವವರೆಗಿನ ಕೆಲಸ. ಒ2ಸಿ ಅಂದರೆ ಆರ್ಡರ್ ಬಂದಾಗಿನಿಂದ ಗ್ರಾಹಕರ ಹಣ ಬರುವವರೆಗೆ. ಆರ್2ಆರ್ ಅಂದರೆ ಎಂಟ್ರಿಗಳನ್ನೆಲ್ಲ ಸೇರಿಸಿ ತಿಂಗಳ ಲೆಕ್ಕ ಮುಗಿಸಿ ವರದಿ ಕೊಡುವುದು. ತಿಂಗಳ ಕೊನೆ ಮತ್ತು ಮೊದಲ ಕೆಲವು ದಿನ ಲೆಕ್ಕ ಮುಚ್ಚುವ ಒತ್ತಡ, ಆಗ ರಜೆ ಕೇಳುವ ಹಾಗಿಲ್ಲ. ಇಂಗ್ಲೆಂಡಿನ ಶಿಫ್ಟ್ ಆದರೆ ಮಧ್ಯಾಹ್ನ ಹೋಗಿ ರಾತ್ರಿ ಬರುವುದು, ಅಮೆರಿಕದ್ದಾದರೆ ರಾತ್ರಿಯೆಲ್ಲ ಕೆಲಸ. ನಿಮ್ಮ ಕಾಲೇಜಿನ ಹಳೆಯ ಬ್ಯಾಚಿನವರು ಯಾರಾದರೂ ಅಲ್ಲಿ ಇದ್ದೇ ಇರುತ್ತಾರೆ, ಅವರನ್ನು ಕೇಳಿ.

ಸಹಕಾರಿ ಸಂಘಗಳು: ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತೇನೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಶುರುವಾದ ನಾಡು ನಮ್ಮದು. ಹಾಲಿನ ಒಕ್ಕೂಟ, ಅಡಿಕೆ ಕೊಳ್ಳುವ ಕ್ಯಾಂಪ್ಕೋದಂಥ ಸಂಸ್ಥೆ, ಪಟ್ಟಣ ಸಹಕಾರಿ ಬ್ಯಾಂಕ್, 1997ರ ಕಾಯ್ದೆಯಡಿ ಬಂದ ಸೌಹಾರ್ದ ಸಹಕಾರಿಗಳು, ಎಲ್ಲಕ್ಕೂ ಲೆಕ್ಕ ಬಲ್ಲವರು ಬೇಕು. ಊರಲ್ಲೇ ಇರಬೇಕು, ತೋಟವನ್ನೂ ನೋಡಿಕೊಳ್ಳಬೇಕು ಅನ್ನುವವರಿಗೆ ಇದು ಗೌರವದ ದಾರಿ. ಸೇರುವ ಮೊದಲು ಆ ಸಂಘದ ವಾರ್ಷಿಕ ವರದಿ ಕೇಳಿ ಪಡೆದು, ಸುಸ್ತಿ ಸಾಲ ಎಷ್ಟಿದೆ ಅಂತ ಮಾತ್ರ ನೋಡಿಕೊಳ್ಳಿ.

ಷೇರು ಮಾರುಕಟ್ಟೆ, ಮ್ಯೂಚುವಲ್ ಫಂಡ್ ಕಡೆ ಆಸೆ ಇದ್ದರೆ ಎನ್‌ಐಎಸ್‌ಎಂ ಅನ್ನುವ ಷೇರುಪೇಟೆ ತರಬೇತಿ ಸಂಸ್ಥೆಯ ಪರೀಕ್ಷೆಗಳಿವೆ. ಮ್ಯೂಚುವಲ್ ಫಂಡ್ ವಿತರಕರಿಗೆ ಇರುವ 5-ಎ ಪರೀಕ್ಷೆ 100 ಅಂಕದ್ದು, 2 ಗಂಟೆ, 50 ಬಂದರೆ ಪಾಸು, ಸರ್ಟಿಫಿಕೇಟ್ 3 ವರ್ಷ ನಡೆಯುತ್ತದೆ. ಡಿಗ್ರಿ ಓದುತ್ತಲೇ ಬರೆಯಬಹುದು. ಟ್ರೇಡಿಂಗ್ ಕಲಿಸ್ತೀವಿ ಅಂತ ಸಾವಿರಾರು ರೂಪಾಯಿ ಕೇಳುವವರ ಹತ್ತಿರ ಹೋಗುವುದಕ್ಕಿಂತ ಇದು ನೂರು ಪಾಲು ಮೇಲು.

ಹೆಜ್ಜೆ 4: ಐದು ಜನರನ್ನು ಮಾತಾಡಿಸಿ

ಎಲ್ಲ ಕಡೆ ಕೂತು ನೋಡಲು ಆಗುವುದಿಲ್ಲ. ಉಳಿದದ್ದನ್ನು ಕೇಳಿ ತಿಳಿಯಬೇಕು. "ಈ ಫೀಲ್ಡ್ ಚೆನ್ನಾಗಿದೆಯಾ?" ಅಂತ ಕೇಳಿದರೆ "ಚೆನ್ನಾಗಿದೆ, ಕಷ್ಟಪಡಬೇಕು" ಅನ್ನುತ್ತಾರೆ, ಅದರಿಂದ ನಿಮಗೇನೂ ಸಿಗುವುದಿಲ್ಲ. ಹೀಗೆ ಕೇಳಿ: ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ? ತಿಂಗಳಲ್ಲಿ ಯಾವ ವಾರ ಅತಿ ಕಷ್ಟ? ಮೊದಲ ಸಂಬಳ ಕೈಗೆ ಎಷ್ಟು ಬಂತು? ನಿಮ್ಮ ಜೊತೆ ಸೇರಿದವರಲ್ಲಿ ಬಿಟ್ಟು ಹೋದವರು ಯಾಕೆ ಬಿಟ್ಟರು? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. ಕೆಲಸದ ನಿಜವಾದ ಕಷ್ಟ ಹೊರಗೆ ಬರುವುದು ಅಲ್ಲೇ.

ಹೆಜ್ಜೆ 5: ಈಗ ಪರೀಕ್ಷೆ ಆರಿಸಿ

ಇಷ್ಟಾದ ಮೇಲೆ ಪರೀಕ್ಷೆ, ಕೋರ್ಸುಗಳ ಮಾತು. ಮೊದಲು ಇದನ್ನು ಹಿಡಿದರೆ ದಾರಿ ತಪ್ಪುತ್ತದೆ.

ಸಿಎ ಮಾಡಬೇಕು ಅನ್ನಿಸಿದರೆ, ಪಿಯುಸಿ ಮುಗಿದ ಕೂಡಲೇ ಫೌಂಡೇಶನ್ ಬರೆಯಲಿಲ್ಲ ಅಂತ ಕೊರಗಬೇಡಿ. ವಾಣಿಜ್ಯ ಪದವಿಯಲ್ಲಿ 55 ಪರ್ಸೆಂಟ್ ಇದ್ದರೆ ಫೌಂಡೇಶನ್ ಬಿಟ್ಟು ನೇರ ಇಂಟರ್‌ಮೀಡಿಯೇಟ್‌ಗೆ ಸೇರಬಹುದು. ಹಾಗಾಗಿ 52, 53ರಲ್ಲಿ ಇದ್ದೀರಿ ಅಂದರೆ ಉಳಿದ ಸೆಮಿಸ್ಟರ್‌ಗಳ ಅಂಕ ನಿಮಗೆ ತುಂಬಾ ಮುಖ್ಯ. ಇಂಟರ್‌ನಲ್ಲಿ ಎರಡು ಗ್ರೂಪ್, ಒಟ್ಟು 6 ಪೇಪರ್. ಫೈನಲ್‌ನಲ್ಲೂ 6. ಪ್ರತಿ ಪೇಪರ್‌ನಲ್ಲಿ 40, ಗ್ರೂಪಿನ ಸರಾಸರಿ 50 ಬರಬೇಕು. ಎಷ್ಟೋ ಜನ ಎಲ್ಲ ಪೇಪರ್‌ನಲ್ಲೂ 40 ದಾಟಿ ಸರಾಸರಿ 50 ಆಗದೆ ಗ್ರೂಪ್ ಕಳೆದುಕೊಳ್ಳುತ್ತಾರೆ, ಆದ್ದರಿಂದ ನಿಮಗೆ ಸುಲಭವಾದ ಒಂದು ವಿಷಯದಲ್ಲಿ 65, 70 ತೆಗೆಯುವ ಹಾಗೆ ಓದಿ. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ಮಾಡುವ ಕಡ್ಡಾಯ ತರಬೇತಿ, 3 ವರ್ಷದಿಂದ 2 ವರ್ಷಕ್ಕೆ ಇಳಿದಿದೆ. ಹೆಜ್ಜೆ 2ರಲ್ಲಿ ಕೂತಿದ್ದ ಆಫೀಸಿನವರೇ ಆರ್ಟಿಕಲ್‌ಶಿಪ್‌ಗೆ ಯಾರ ಹತ್ತಿರ ಹೋಗಬೇಕು ಅಂತ ದಾರಿ ತೋರಿಸುತ್ತಾರೆ.

ಕಾನೂನು ಓದುವುದು ಇಷ್ಟ, ಅಂಕಿ ಅಷ್ಟಕ್ಕಷ್ಟೇ ಅನ್ನುವವರಿಗೆ ಸಿಎಸ್, ಅಂದರೆ ಕಂಪನಿ ಸೆಕ್ರೆಟರಿ ಕೋರ್ಸ್. ಪಾವತಿಯಾದ ಬಂಡವಾಳ 10 ಕೋಟಿ ಅಥವಾ ಮೇಲಿರುವ ಕಂಪನಿಗೆ ಪೂರ್ಣಾವಧಿ ಕಂಪನಿ ಸೆಕ್ರೆಟರಿ ಇರಲೇಬೇಕು ಅಂತ ನಿಯಮವಿದೆ. ಕಾರ್ಖಾನೆ, ಉತ್ಪಾದನಾ ವೆಚ್ಚದ ಲೆಕ್ಕ ಹಿಡಿಸಿದರೆ ಸಿಎಂಎ.

ಬ್ಯಾಂಕ್ ಪರೀಕ್ಷೆಗೆ ಬಿ.ಕಾಂ ಅಂತ ವಿಶೇಷ ಲಾಭ ಇಲ್ಲ, ಯಾವ ಪದವೀಧರರಾದರೂ ಬರೆಯಬಹುದು. ಪ್ರಿಲಿಮ್ಸ್‌ನಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಭಾಗ ಕಡಿತ. ಕನ್ನಡ ಮಾಧ್ಯಮದವರು ಇಲ್ಲಿ ಎದೆಗುಂದಬೇಕಿಲ್ಲ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಕ್ಲರ್ಕ್ ಪರೀಕ್ಷೆ ಮತ್ತು ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಕರ್ನಾಟಕದ ಕ್ಲರ್ಕ್ ಹುದ್ದೆಗೆ ಕನ್ನಡ ಓದಿ ಬರೆಯಲು ಬರಲೇಬೇಕು. ಅಲ್ಲಿ ಕನ್ನಡ ನಿಮ್ಮ ಬಲ. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕ್‌ಗಳು ಸೇರಿ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ, ಹಳೆಯ ಪುಸ್ತಕಗಳಲ್ಲಿ ಎರಡು ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಬ್ಯಾಂಕುಗಳು ಒಂದು ವರ್ಷದ ಅಪ್ರೆಂಟಿಸ್‌ಗಳನ್ನೂ ಕರೆಯುತ್ತವೆ. ಅದು ಕಾಯಂ ಕೆಲಸ ಅಲ್ಲ, ಆದರೆ ಕೌಂಟರ್ ಒಳಗಿನಿಂದ ಬ್ಯಾಂಕ್ ನೋಡಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಎಂಬಿಎ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಒಳ್ಳೆಯ ಕಾಲೇಜು ಸಿಕ್ಕರೆ ಮಾಡಿ, ಇಲ್ಲದಿದ್ದರೆ ಎರಡು ವರ್ಷ ಕೆಲಸ ಮಾಡಿ ಆಮೇಲೆ ಯೋಚಿಸಿ. ಬಿ.ಕಾಂಗೆ ಕೆಲಸ ಸಿಗಲಿಲ್ಲ ಅಂತ ಸಾಲ ಮಾಡಿ ಸಿಕ್ಕ ಕಾಲೇಜಿಗೆ ಸೇರಿದವರು ಎರಡು ವರ್ಷ ಬಿಟ್ಟು ಅದೇ ಕೆಲಸಕ್ಕೆ ಅರ್ಜಿ ಹಾಕುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹೆಜ್ಜೆ 6: ಕೈಗೆ ಕೆಲಸ ಕಲಿಸಿ

ಟ್ಯಾಲಿ ಬೆಂಗಳೂರಿನದೇ ಸಾಫ್ಟ್‌ವೇರ್. ಅದನ್ನು ಇಳಿಸಿಕೊಂಡು ಎಜುಕೇಶನಲ್ ಮೋಡ್‌ನಲ್ಲಿ ಪುಕ್ಕಟೆ ಕಲಿಯಬಹುದು. ಅದರಲ್ಲಿ 1, 2ನೇ ತಾರೀಖಿನಂಥ ಕೆಲವೇ ದಿನಗಳಿಗೆ ಎಂಟ್ರಿ ಹಾಕಲು ಬಿಡುತ್ತದೆ, ಕಲಿಯುವುದಕ್ಕೆ ಅಷ್ಟು ಸಾಕು. ನಿಮ್ಮ ಬೀದಿಯ ಒಂದು ಅಂಗಡಿಯ ಹತ್ತು ಖರೀದಿ, ಹತ್ತು ಮಾರಾಟದ ಬಿಲ್ ಕೇಳಿ ತಂದು ಹಾಕಿ ನೋಡಿ. ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್, ವಿಲುಕಪ್, ಸಮ್‌ಇಫ್ಸ್, ಫಿಲ್ಟರ್, ಈ ನಾಲ್ಕು ಗಟ್ಟಿಯಾಗಿ ಬಂದರೆ ಮೊದಲ ವರ್ಷ ಸಲೀಸು. ಮೊದಲು ಹೇಳಿದ 2ಬಿ ತಾಳೆ ಇದೆಯಲ್ಲ, ಒಂದು ಪಟ್ಟಿಯಲ್ಲಿದ್ದದ್ದನ್ನು ಇನ್ನೊಂದರಲ್ಲಿ ಹುಡುಕಿಕೊಡುವ ವಿಲುಕಪ್ ಬಂದರೆ ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಇನ್ನು ಬ್ಯಾಂಕ್ ರಿಕನ್ಸಿಲಿಯೇಶನ್, ಅಂದರೆ ನಮ್ಮ ಪುಸ್ತಕದ ಬಾಕಿಯನ್ನು ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡುವುದು. ಡಿಗ್ರಿಯಲ್ಲಿ ಎಲ್ಲರೂ ಅಂಕಕ್ಕಾಗಿ ಓದಿರುತ್ತೇವೆ, ನನ್ನ ಮೊದಲ ಸಂದರ್ಶನದಲ್ಲಿ ಕೇಳಿದಾಗ ನನಗೆ ಹೇಳಲು ಬರಲಿಲ್ಲ. ಪ್ರಶ್ನೆ ಹೀಗಿತ್ತು ಅಂದುಕೊಳ್ಳಿ. ನಿಮ್ಮ ಪುಸ್ತಕದಲ್ಲಿ ಬ್ಯಾಂಕ್ ಬಾಕಿ 1,12,400. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ 1,26,650. ವ್ಯತ್ಯಾಸ 14,250. ಹುಡುಕಿದಾಗ ಸಿಕ್ಕಿದ್ದು ಎರಡು. ಸರಬರಾಜುದಾರನಿಗೆ ಕೊಟ್ಟ 15,000ದ ಚೆಕ್ ಅವನು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಬ್ಯಾಂಕ್ 750 ಚಾರ್ಜ್ ಹಿಡಿದಿದೆ, ನೀವು ಬರೆದಿಲ್ಲ. 15,000ದಲ್ಲಿ 750 ಕಳೆದರೆ 14,250, ತಾಳೆ ಆಯಿತು. ಇಲ್ಲಿಗೆ ಹೆಚ್ಚಿನವರು ನಿಲ್ಲಿಸುತ್ತಾರೆ. ಸಂದರ್ಶನ ಮಾಡುವವರು ಕಾಯುವುದು ಮುಂದಿನ ಮಾತಿಗೆ: ಯಾವುದಕ್ಕೆ ಎಂಟ್ರಿ ಹಾಕುತ್ತೀರಿ? 750ಕ್ಕೆ ಮಾತ್ರ. ಚೆಕ್ ಅನ್ನು ಪುಸ್ತಕದಲ್ಲಿ ಆಗಲೇ ಬರೆದಾಗಿದೆ, ಅದು ಬ್ಯಾಂಕಿನಲ್ಲಿ ಪಾಸಾಗುವವರೆಗೆ ಕಾಯುತ್ತೇನೆ, ಮೂರು ತಿಂಗಳಾದರೂ ಬರದಿದ್ದರೆ ಅದರ ಅವಧಿ ಮುಗಿಯುವುದರಿಂದ ಫೋನ್ ಮಾಡಿ ಕೇಳಿ ಎಂಟ್ರಿ ತಿರುಗಿಸುತ್ತೇನೆ. ಇಷ್ಟು ಹೇಳಿದವರಿಗೆ ಕೆಲಸ ಗೊತ್ತು ಅಂತ ಎದುರಿನವರಿಗೆ ತಿಳಿಯುತ್ತದೆ.

ಇಂಗ್ಲಿಷ್ ಭಯ ಇದ್ದರೆ ಇದನ್ನೇ ಬಳಸಿ. ದಿನಾ ಒಂದು ಲೆಕ್ಕವನ್ನು ಎರಡು ನಿಮಿಷ ಇಂಗ್ಲಿಷಿನಲ್ಲಿ ವಿವರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಹವಾಮಾನದ ಬಗ್ಗೆ ಮಾತಾಡುವುದಕ್ಕಿಂತ ನಿಮ್ಮ ಕೆಲಸದ ಮುನ್ನೂರು ಪದ ಬಾಯಿಗೆ ಬರುವುದು ಮುಖ್ಯ.

ಹೆಜ್ಜೆ 7: ರೆಸ್ಯೂಮೆ

ಒಂದೇ ಪುಟ. ಮೇಲೆ ಬರೆಯುವ ಧ್ಯೇಯವಾಕ್ಯ ತೆಗೆಯಿರಿ, ಅದನ್ನು ಯಾರೂ ಓದುವುದಿಲ್ಲ. ಆ ಜಾಗದಲ್ಲಿ ನೀವು ಮಾಡಿದ ಕೆಲಸ ಬರೆಯಿರಿ. "ಟ್ಯಾಲಿ ಗೊತ್ತು" ಅನ್ನುವುದಕ್ಕಿಂತ "ಹದಿನೈದು ದಿನ ತೆರಿಗೆ ಆಫೀಸಿನಲ್ಲಿ ಆರು ಅಂಗಡಿಗಳ ಖರೀದಿ ಬಿಲ್ ಎಂಟ್ರಿ ಮಾಡಿ 2ಬಿ ಜೊತೆ ತಾಳೆ ನೋಡಿದ್ದೇನೆ" ಅನ್ನುವ ಸಾಲಿನ ತೂಕವೇ ಬೇರೆ. ನೀವು ಮಾಡಿದ ಸಂಖ್ಯೆಯನ್ನೇ ಹಾಕಿ, ಹೆಚ್ಚು ಮಾಡಬೇಡಿ. ಎರಡೇ ಪ್ರಶ್ನೆಯಲ್ಲಿ ಗೊತ್ತಾಗಿಬಿಡುತ್ತದೆ. ಕೆಲಸ ಕೊಡಿಸಲು, ಟ್ರೈನಿಂಗ್ ಕಿಟ್‌ಗೆ, ಲ್ಯಾಪ್‌ಟಾಪ್ ಡೆಪಾಸಿಟ್‌ಗೆ ಅಂತ ದುಡ್ಡು ಕೇಳಿದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಹೆಜ್ಜೆ 8: ಆಫರ್ ಲೆಟರ್ ಓದುವುದು

ಬೆಂಗಳೂರಿನಲ್ಲಿ ವರ್ಷಕ್ಕೆ 3,60,000 ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) ಅಂದರು ಅಂದುಕೊಳ್ಳಿ. ತಿಂಗಳಿಗೆ 30,000 ಬರುತ್ತದೆ ಅಂತ ಮನೆಯಲ್ಲಿ ಹೇಳಬೇಡಿ. ಬೇಸಿಕ್ 15,000 ಇದ್ದರೆ ಕಂಪನಿಯ ಪಾಲಿನ ಪಿಎಫ್ 1,800 ಮತ್ತು ಗ್ರಾಚ್ಯುಟಿಯ ಸುಮಾರು 720 ಸಿಟಿಸಿಯ ಒಳಗೇ ಸೇರಿಸಿರುತ್ತಾರೆ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,800. ವೃತ್ತಿ ತೆರಿಗೆ 200. ಕೈಗೆ ಬರುವುದು ಸುಮಾರು 25,500. ಅದರಲ್ಲೂ ಒಂದು ಭಾಗ ವೇರಿಯಬಲ್ ಅಂತ ಇದ್ದರೆ ಅದು ವರ್ಷದ ಕೊನೆಗೆ ಬರಬಹುದು, ಪೂರ್ತಿ ಬರದೆಯೂ ಇರಬಹುದು. ಪಿಜಿ ಬಾಡಿಗೆ, ಬಸ್ ಪಾಸ್, ಊಟ ಕಳೆದು ಮನೆಗೆ ಎಷ್ಟು ಕಳಿಸಬಹುದು ಅಂತ ಈಗಲೇ ಬರೆದು ನೋಡಿ. ಊರಲ್ಲಿ ಸಿಗುವ 15,000 ಕೆಲವೊಮ್ಮೆ ಇದಕ್ಕೆ ಸರಿಸಮ ಆಗುತ್ತದೆ.

ಬಾಂಡ್ ಇದೆಯಾ, ನೋಟಿಸ್ ಅವಧಿ ಎಷ್ಟು, ಶಿಫ್ಟ್ ಯಾವುದು, ರಾತ್ರಿ ಕ್ಯಾಬ್ ಇದೆಯಾ ಅಂತ ಸಹಿ ಹಾಕುವ ಮೊದಲು ಇಮೇಲ್‌ನಲ್ಲಿ ಕೇಳಿ, ಉತ್ತರವೂ ಇಮೇಲ್‌ನಲ್ಲೇ ಇರಲಿ. ಸೇರುವ ದಿನ ಮಾರ್ಕ್ಸ್ ಕಾರ್ಡ್ ಕೇಳಿದರೆ ಅಸಲಿ ತೋರಿಸಿ, ಜೆರಾಕ್ಸ್ ಕೊಟ್ಟು, ಅಸಲಿಯನ್ನು ಅವತ್ತೇ ವಾಪಸ್ ಬ್ಯಾಗಿಗೆ ಹಾಕಿಕೊಂಡು ಬನ್ನಿ.